ಎತ್ತರ ಮೊದಲು, ಅಲೈನ್‌ಮೆಂಟ್ ಆಮೇಲೆ

ಸ್ಟುಟ್‌ಗಾರ್ಟ್ ಹತ್ತಿರದ ಒಂದು ಬಾಡಿಗೆ ವರ್ಕ್‌ಶಾಪು. ಲಿಫ್ಟು, ಸ್ಪ್ಯಾನರು, ಜಾಗ ಅವರದ್ದು, ಕೆಲಸ ನಮ್ಮದು, ಬಾಡಿಗೆ ಗಂಟೆ ಲೆಕ್ಕದಲ್ಲಿ. ಜರ್ಮನಿಯಲ್ಲಿ ಇಂಥವು ಹಲವು ಊರುಗಳಲ್ಲಿವೆ. ಲಿಫ್ಟಿನ ಮೇಲೆ 1991ರ ಮರ್ಸಿಡಿಸ್ 230 ಟಿಇ, ಹಿಂಬದಿ ಉದ್ದಕ್ಕೆ ಚಾಚಿದ ಎಸ್ಟೇಟ್ ಕಾರು. ಅದರ ಕೆಳಗೆ ಇಬ್ಬರು. ಒಬ್ಬರು ಹಾಸನದಲ್ಲಿ ಬಹುಕಾಲ ವೀಲ್ ಅಲೈನ್‌ಮೆಂಟ್ ಅಂಗಡಿ ನಡೆಸಿ ಈಗ ಬೇಸಿಗೆಗೆಂದು ಇಲ್ಲಿ ಬಂದಿರುವ ಚಿಕ್ಕಪ್ಪ. ಇನ್ನೊಬ್ಬಳು ಅವರ ಅಣ್ಣನ ಮಗಳು, ಕಾರಿನ ಒಡತಿ.

ಮಗಳು: ಇದು ಅಲೈನ್‌ಮೆಂಟ್ ಮಾಡಿಸಿದಾಗ ಕೊಟ್ಟ ಕಾಗದ, ಚಿಕ್ಕಪ್ಪ. ಮುಂದಿನ ಟೋ ಹಸಿರು, ಮುಂದಿನ ಕ್ಯಾಂಬರ್ ಹಸಿರು. ಹಿಂದಿನ ಕ್ಯಾಂಬರ್ ಮಾತ್ರ ಎರಡೂ ಕಡೆ ಕೆಂಪು. ಈ ಕಾರಿನಲ್ಲಿ ಅದನ್ನ ಹೊಂದಿಸೋಕೆ ಬರಲ್ಲ, ಹಾಗೇ ಓಡಿಸಿ ಅಂದುಬಿಟ್ಟರು. ಹಾಗಾದರೆ ಹಿಂದಿನ ಟೈರು ಒಳಗಡೆ ಸವೆಯೋದು ತಪ್ಪೋದೇ ಇಲ್ವಾ?

ಚಿಕ್ಕಪ್ಪ: ಕಾಗದ ಇರಲಿ, ಮೊದಲು ಟೈರು ನೋಡೋಣ. ಅಂಗೈ ಇಲ್ಲಿಡು. ಅಡ್ಡಕ್ಕೆ ಸವರು, ಒಳಗಿಂದ ಹೊರಗೆ. ಈಗ ಹೊರಗಿಂದ ಒಳಗೆ. ಏನನ್ನಿಸ್ತು?

ಮಗಳು: ಒಂದು ಕಡೆಗೆ ನುಣ್ಣಗೆ ಹೋಗುತ್ತೆ. ವಾಪಸ್ ಬರುವಾಗ ಸ್ವಲ್ಪ ತರಿತರಿ. ಸ್ವಲ್ಪ ಅಷ್ಟೇ.

ಚಿಕ್ಕಪ್ಪ: ಆ ತರಿ ಟೋದಿಂದ ಬಂದದ್ದು. ಚಕ್ರ ನೇರ ಉರುಳದೆ ಓರೆಯಾಗಿ ಉಜ್ಜಿಕೊಂಡು ಹೋದರೆ ರಬ್ಬರಿನ ಒಂದೊಂದು ಕಟ್ಟಿನ ಅಂಚೂ ಒಂದೇ ಕಡೆಗೆ ಏಳುತ್ತೆ. ಈಗ ಒಳಗಿನ ಭುಜ ಮುಟ್ಟು. ಅಲ್ಲಿ ತರಿ ಇಲ್ಲ, ಬರೀ ಬೋಳು. ಅದು ಕ್ಯಾಂಬರ್ ಸವೆತ. ಚಕ್ರದ ತಲೆ ಒಳಕ್ಕೆ ವಾಲಿದೆ, ಭಾರವೆಲ್ಲ ಒಳ ಅಂಚಿನ ಮೇಲೆ ಕೂತಿದೆ. ನಿನ್ನ ಟೈರಿನಲ್ಲಿ ಎರಡೂ ಸೇರಿದೆ.

ಮಗಳು: ಎರಡರಲ್ಲಿ ಟೈರನ್ನ ಬೇಗ ತಿನ್ನೋದು ಯಾವುದು?

ಚಿಕ್ಕಪ್ಪ: ಟೋ. ಲೆಕ್ಕ ಹಾಕಿ ನೋಡು. ಒಂದು ಚಕ್ರ ನೇರದಿಂದ 10 ಮಿನಿಟಷ್ಟು ಓರೆ ಇದೆ ಅನ್ನು. ಡಿಗ್ರಿಯಲ್ಲಿ ಆರನೇ ಒಂದು ಭಾಗ, ಕಣ್ಣಿಗೆ ಕಾಣೋದೇ ಇಲ್ಲ.

ಮಗಳು: ಸಾವಿರಕ್ಕೆ ಮೂರರ ಹತ್ತಿರ ಬರುತ್ತೆ. ಅಂದರೆ ಒಂದು ಕಿಲೋಮೀಟರ್ ಹೋದರೆ ಸುಮಾರು 3 ಮೀಟರ್ ಅಡ್ಡಕ್ಕೆ ಉಜ್ಜಿದ ಹಾಗೆ!

ಚಿಕ್ಕಪ್ಪ: ಬೆಂಗಳೂರಿಂದ ಹಾಸನಕ್ಕೆ ಬರೋ ಹೊತ್ತಿಗೆ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಟೈರನ್ನ ಅಡ್ಡಡ್ಡ ಎಳೆದಿರ್ತೀಯ. ಕ್ಯಾಂಬರ್ ಅಷ್ಟು ಆತುರ ಮಾಡಲ್ಲ. ಆದರೆ ಎರಡೂ ಕೂಡಿದಾಗ ಆ ಉಜ್ಜಾಟ ಪೂರ್ತಿ ಟೈರಿನ ಮೇಲೆ ಹಂಚಿಹೋಗದೆ ಒಳಗಿನ ಎರಡು ಬೆರಳಗಲದ ಮೇಲೇ ಬೀಳುತ್ತೆ. ಹಾಗಾಗಿ ಹೊರಗೆ ಹೊಸದರ ಹಾಗೆ ಕಾಣೋ ಟೈರು ಒಳಗೆ ತಂತಿ ಬಿಟ್ಟಿರುತ್ತೆ. ಸರಿ, ಈಗ ಕಾಗದ ಕೊಡು. ಒಂದು ಮಾತು ಕೇಳಬೇಕು. ಅಳತೆ ತಗೊಂಡಾಗ ಇಂಜಿನ್ ಚಾಲೂ ಇತ್ತಾ?

ಮಗಳು: ಇಲ್ಲ. ಹಿಂದಿನ ದಿನ ಸಂಜೆಯೇ ಬಿಟ್ಟು ಬಂದಿದ್ದೆ. ಬೆಳಿಗ್ಗೆ ನಾನು ಹೋಗುವಾಗ ಕಾರು ಯಂತ್ರದ ಮೇಲಿತ್ತು, ಇಂಜಿನ್ ಆಫ್. ಅಲೈನ್‌ಮೆಂಟಿಗೆ ಇಂಜಿನ್ ಯಾಕೆ ಬೇಕು?

ಚಿಕ್ಕಪ್ಪ: ಬೇರೆ ಕಾರಿಗೆ ಬೇಡ. ಇದಕ್ಕೆ ಬೇಕು ಅಂತ ನನ್ನ ಅನುಮಾನ. ಈ ಹಿಂದಿನ ಭಾಗದ ಕಥೆ ನನಗಿಂತ ನಿನಗೆ ಚೆನ್ನಾಗಿ ಗೊತ್ತಿರಬೇಕು. ಸಕಲೇಶಪುರ, ಚಿಕ್ಕಮಗಳೂರು ಕಡೆಯ ಪ್ಲಾಂಟರುಗಳು ತರ್ತಿದ್ದದ್ದು ಇದೇ ಮಾದರಿ, ಡಬ್ಲ್ಯು124, 1995ರಿಂದ ಪುಣೆಯಲ್ಲಿ ಜೋಡಿಸಿದ್ದು. ಆದರೆ ಎಲ್ಲ ಸೆಡಾನೇ. ಎಸ್ಟೇಟ್ ಅಲ್ಲಿ ತಯಾರಾಗಲೇ ಇಲ್ಲ. ಸ್ಪ್ರಿಂಗಿನ ಪಕ್ಕ ಪೈಪು, ಈ ಕರಿ ಗುಂಡು, ಇದನ್ನೆಲ್ಲ ಮುಟ್ಟಿ ನೋಡ್ತಿರೋದು ಇವತ್ತೇ.

ಮಗಳು: ಇದು ಸೆಲ್ಫ್ ಲೆವೆಲಿಂಗ್. ಮರ್ಸಿಡಿಸ್‌ನವರು 1977ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲ ಎಸ್ಟೇಟ್ ತೋರಿಸಿದಾಗಿನಿಂದ, ಇದರ ಹಿಂದಿನ ಮಾದರಿ ಡಬ್ಲ್ಯು123ರ ಕಾಲದಿಂದ, ಎಸ್ಟೇಟಿಗೆ ಇದನ್ನ ಕಡ್ಡಾಯವಾಗಿ ಕೊಡ್ತಾ ಬಂದರು. ಇಂಜಿನ್ ತಿರುಗಿಸೋ ಒಂದು ಪಂಪು ಎಣ್ಣೆಗೆ ಒತ್ತಡ ಕೊಡುತ್ತೆ. ಹಿಂದಿನ ಆಂಟಿ-ರೋಲ್ ಬಾರಿಗೆ ಒಂದು ಸಣ್ಣ ಕಡ್ಡಿ ಕಟ್ಟಿದೆ ನೋಡಿ, ಅದು ಈ ವಾಲ್ವನ್ನ ತಿರುಗಿಸುತ್ತೆ. ಡಿಕ್ಕಿಯಲ್ಲಿ ಭಾರ ಹಾಕಿದಾಗ ಹಿಂಭಾಗ ಕುಸಿಯುತ್ತೆ, ಕಡ್ಡಿ ಮೇಲಕ್ಕೆ ತಳ್ಳುತ್ತೆ, ವಾಲ್ವು ತೆರೆದು, ಶಾಕ್ ಅಬ್ಸಾರ್ಬರಿನ ಜಾಗದಲ್ಲಿರೋ ಎರಡೂ ಸ್ಟ್ರಟ್ಟಿಗೆ ಎಣ್ಣೆ ಬಿಡುತ್ತೆ. ಹಳೆಯ ಎತ್ತರಕ್ಕೆ ಬಂದ ಮೇಲೆ ಮುಚ್ಚಿಕೊಳ್ಳುತ್ತೆ. ಭಾರ ಇಳಿಸಿದರೆ ಎಣ್ಣೆ ವಾಪಸ್ ಡಬ್ಬಿಗೆ.

ಚಿಕ್ಕಪ್ಪ: ಮತ್ತೆ ಈ ಕಾಯಿಲ್ ಸ್ಪ್ರಿಂಗು?

ಮಗಳು: ಅದು ಭಾರದ ಒಂದು ಪಾಲು ಮಾತ್ರ ಹೊರೋದು. ಮಿಕ್ಕದ್ದು ಎಣ್ಣೆಯ ಮೇಲೆ. ಗುಂಡಿನೊಳಗೆ ಒಂದು ರಬ್ಬರ್ ಪೊರೆ, ಅದರ ಆಚೆ ನೈಟ್ರೋಜನ್. ಚಕ್ರ ರಸ್ತೆಯ ಹಳ್ಳಕ್ಕೆ ಬಿದ್ದಾಗ ಎಣ್ಣೆ ಆ ಗಾಳಿಯನ್ನ ಒತ್ತುತ್ತೆ. ಸ್ಪ್ರಿಂಗಿನ ಕೆಲಸ ಮಾಡೋದು ಆ ಗಾಳಿ.

ಚಿಕ್ಕಪ್ಪ: ಹಾಗಾದರೆ ಇಂಜಿನ್ ಆಫ್ ಆಗಿ, ಎಲ್ಲೋ ಒಂದು ಕಡೆ ಎಣ್ಣೆ ಸೋರ್ತಾ ಇದ್ದರೆ, ರಾತ್ರಿ ಕಳೆಯೋದರೊಳಗೆ ಹಿಂಭಾಗ ಕೂತುಬಿಡುತ್ತೆ.

ಮಗಳು: ಕೂತುಬಿಡುತ್ತೆ. ಬೆಳಿಗ್ಗೆ ಟೇಪು ಹಿಡಿದಿದ್ದೀನಿ, ಸುಮಾರು 30 ಮಿಲಿಮೀಟರ್ ಕೆಳಗಿರುತ್ತೆ. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ಏಳುತ್ತೆ. ಹಳೇ ಕಾರು ಅಂತ ಸುಮ್ಮನಿದ್ದೆ.

ಚಿಕ್ಕಪ್ಪ: ಹಾಗಾದರೆ ಈ ಕಾಗದದಲ್ಲಿರೋದು ನೀನು ಓಡಿಸೋ ಕಾರಿನ ಅಳತೆ ಅಲ್ಲ. ಮಲಗಿದ ಕಾರಿನ ಅಳತೆ. ಲಿಂಕುಗಳನ್ನ ನೋಡು. ಒಂದು, ಎರಡು, ಮೂರು, ನಾಲ್ಕು, ಸ್ಪ್ರಿಂಗ್ ಕೂತಿರೋದು ಐದನೇದು. ಚಕ್ರ ಮೇಲೆ ಕೆಳಗೆ ಆಡುವಾಗ ಈ ಐದೂ ತಮ್ಮ ತಮ್ಮ ದಾರಿ ಹಿಡಿದು ತಿರುಗ್ತವೆ. ಟೋ ಹೆಚ್ಚು ಕದಲದ ಹಾಗೆ, ಕ್ಯಾಂಬರ್ ಮಾತ್ರ ಲೆಕ್ಕಾಚಾರವಾಗಿ ಬದಲಾಗೋ ಹಾಗೆ ಇದನ್ನ ಮಾಡಿದ್ದಾರೆ. 1982ರಲ್ಲಿ ಸಣ್ಣ ಮರ್ಸಿಡಿಸ್ 190ರಲ್ಲಿ ಮೊದಲು ಬಂದದ್ದು, ನನ್ನ ಕೈಗೆ ಸಿಕ್ಕಿದ ಹಿಂದಿನ ಸಸ್ಪೆನ್ಷನ್‌ಗಳಲ್ಲೆಲ್ಲ ನನಗೆ ತುಂಬ ಇಷ್ಟವಾದದ್ದು ಇದೇ. ಬಾಡಿ ಕೆಳಗಿಳಿದಷ್ಟೂ ಚಕ್ರದ ತಲೆ ಒಳಕ್ಕೆ ಹೋಗುತ್ತೆ. ಅದಕ್ಕೇ ಹಿಂದಿನ ಕ್ಯಾಂಬರಿಗೆ ಕಂಪನಿ ಬೋಲ್ಟೇ ಕೊಟ್ಟಿಲ್ಲ. ಎತ್ತರ ಸರಿ ಇದ್ದರೆ ಕ್ಯಾಂಬರ್ ತಾನಾಗಿ ಸರಿ ಇರುತ್ತೆ ಅನ್ನೋ ನಂಬಿಕೆಯ ಮೇಲೆ ನಿಂತ ವಿನ್ಯಾಸ ಇದು.

ಮಗಳು: ಹಾಗಾದರೆ ‘ಹೊಂದಿಸೋಕೆ ಬರಲ್ಲ’ ಅಂದದ್ದು ಸುಳ್ಳಲ್ಲ.

ಚಿಕ್ಕಪ್ಪ: ಸುಳ್ಳಲ್ಲ, ಆದರೆ ಮಾತು ಅಲ್ಲಿಗೇ ನಿಲ್ಲಬಾರದಿತ್ತು. ಹೊಂದಿಸೋಕೆ ಬರದ ಅಂಕಿ ಕೆಂಪಾಗಿದೆ ಅಂದರೆ ಬೇರೇನೋ ಕೆಟ್ಟಿದೆ ಅಂತ ತಾನೇ ಅರ್ಥ? ಕೆಲಸ ಶುರುವಾಗಬೇಕಾದ್ದೇ ಅಲ್ಲಿಂದ. ಇನ್ನೊಂದು ನೋಡು. ಹಿಂದೆ ಕೂತರೆ ಮುಂದಿನ ಅಂಕಿಯೂ ಕೆಡುತ್ತೆ. ಇದರ ವೀಲ್‌ಬೇಸ್ ಎಷ್ಟು?

ಮಗಳು: 2800 ಮಿಲಿಮೀಟರ್. ಸೆಡಾನಿಗೂ ಎಸ್ಟೇಟಿಗೂ ಒಂದೇ.

ಚಿಕ್ಕಪ್ಪ: 2800ಕ್ಕೆ 30 ಇಳಿದರೆ ಇಡೀ ಬಾಡಿ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ಹಿಂದಕ್ಕೆ ವಾಲುತ್ತೆ. ಬಾಡಿಯ ಜೊತೆ ಮುಂದಿನ ಕ್ಯಾಸ್ಟರೂ, ಅಂದರೆ ಚಕ್ರ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಕೋನವೂ, ಅಷ್ಟೇ ಹೆಚ್ಚಾಗಿ ತೋರಿಸುತ್ತೆ. ಈ ಕಾರಿಗೆ ಕ್ಯಾಸ್ಟರ್ ಇರೋದೇ 10 ಡಿಗ್ರಿಯ ಆಸುಪಾಸು, ಅದರಲ್ಲಿ ಅರ್ಧ ಡಿಗ್ರಿ ಅಂದರೆ ಕಂಪನಿ ಬಿಟ್ಟಿರೋ ಜಾಗವೆಲ್ಲ ಮುಗಿದುಹೋಯ್ತು. ಆ ತಪ್ಪು ಅಂಕಿ ನೋಡಿ ಯಾರಾದರೂ ಮುಂದಿನ ಬೋಲ್ಟು ತಿರುಗಿಸಿದ್ದರೆ, ಇಂಜಿನ್ ಚಾಲೂ ಆಗಿ ಹಿಂಭಾಗ ಎದ್ದ ತಕ್ಷಣ ಮುಂದಿನದ್ದೂ ತಪ್ಪು. ಲಿಫ್ಟ್ ಇಳಿಸು. ಚಕ್ರ ಜೋತಾಡ್ತಾ ಇರುವಾಗ ಎತ್ತರದ ಮಾತಾಡಿ ಪ್ರಯೋಜನ ಇಲ್ಲ.

(ಕಾರು ನೆಲಕ್ಕಿಳಿಯಿತು. ಇಂಜಿನ್ ಚಾಲೂ ಮಾಡಿ ಬಿಟ್ಟರು. ಹಿಂದಿನ ಮಡ್‌ಗಾರ್ಡಿನ ಅಂಚು ಚಕ್ರದಿಂದ ನಿಧಾನಕ್ಕೆ ಮೇಲೆದ್ದಿತು.)

ಚಿಕ್ಕಪ್ಪ: ಎದ್ದಿತು. ಪಂಪು, ವಾಲ್ವು ಕೆಲಸ ಮಾಡ್ತಿದೆ. ನಾನು ಡಿಕ್ಕಿಯ ಅಂಚಿನ ಮೇಲೆ ಕೂರ್ತೀನಿ, ನೀನು ನೋಡು. ಇಳೀತಾ?

ಮಗಳು: ಇಳೀಲೇ ಇಲ್ಲ ಅನ್ನಬೇಕು. ಕಲ್ಲಿನ ಮೇಲೆ ಕೂತ ಹಾಗಿದೆ.

ಚಿಕ್ಕಪ್ಪ: ಅದೇ ರೋಗ. ನೀನು ಹೇಳಿದ ನೈಟ್ರೋಜನ್ ಗುಂಡಿನಲ್ಲಿಲ್ಲ. ಒತ್ತೋಕೆ ಗಾಳಿಯಿಲ್ಲ, ಎಣ್ಣೆಯನ್ನ ಒತ್ತೋಕೆ ಆಗಲ್ಲ, ಅದಕ್ಕೇ ಹಿಂಭಾಗ ಮರಗಟ್ಟಿದೆ. ಓಡಿಸುವಾಗ ಹಿಂದಿನ ಸೀಟಿನವರಿಗೆ ಸೊಂಟ ಹೋಗಿರಬೇಕು.

ಮಗಳು: ಅಮ್ಮ ಬಂದಿದ್ದಾಗ ಅದನ್ನೇ ಹೇಳ್ತಿದ್ರು. ಓಡಿಸದೆ ನಿಲ್ಲಿಸಿದ್ದರೂ ವರ್ಷಗಳು ಕಳೆದ ಹಾಗೆ ಆ ಗಾಳಿ ಪೊರೆ ದಾಟಿ ಹೊರಟುಹೋಗುತ್ತಂತೆ. ಆದರೆ ಚಿಕ್ಕಪ್ಪ, ನಾನು ಯೋಚಿಸ್ತಿರೋದು ಬೇರೆ. ಇದನ್ನೆಲ್ಲ ಕಿತ್ತುಬಿಟ್ಟು ಮಾಮೂಲಿ ಸ್ಪ್ರಿಂಗು, ಮಾಮೂಲಿ ಶಾಕ್ ಅಬ್ಸಾರ್ಬರ್ ಹಾಕಿಸಿಬಿಡಲಾ? ಬಹಳ ಜನ ಹಾಗೇ ಮಾಡ್ತಾರೆ. ಪಂಪಿಲ್ಲ, ಪೈಪಿಲ್ಲ, ಸೋರೋದಿಲ್ಲ. ನೀವು ನೋಡಿದ ಸೆಡಾನುಗಳೆಲ್ಲ ಬರೀ ಸ್ಪ್ರಿಂಗಿನ ಮೇಲೆ ತಾನೇ ಓಡಿದ್ದು?

ಚಿಕ್ಕಪ್ಪ: ಓಡಿದ್ದು, ಚೆನ್ನಾಗೇ ಓಡಿದ್ದು. ಆದರೆ ಸೆಡಾನಿನ ಡಿಕ್ಕಿಗೂ ಇದಕ್ಕೂ ಹೋಲಿಕೆ ಇಲ್ಲ. ಯುಗಾದಿ ಊಟಕ್ಕೆ ಪಾತ್ರೆ, ಗ್ಯಾಸ್ ಒಲೆ, ಮಡಚೋ ಕುರ್ಚಿ ಎಲ್ಲ ಈ ಕಾರಿನಲ್ಲೇ ಹೊತ್ತೆ ಅಂತ ನೀನೇ ಹೇಳಿದ್ದೆ. ಅಷ್ಟೂ ಭಾರ ಎಲ್ಲಿ ಕೂರುತ್ತೆ? ಹಿಂದಿನ ಚಕ್ರದ ಮೇಲೆ, ಅದಕ್ಕಿಂತ ಹಿಂದೆ. ಬರೀ ಸ್ಪ್ರಿಂಗ್ ಹಾಕೋದಾದರೆ ಎರಡೇ ದಾರಿ. ಖಾಲಿ ಕಾರಿಗೆ ಹಿತವಾದ ಮೆತ್ತನೆ ಸ್ಪ್ರಿಂಗ್ ಹಾಕಿದರೆ, ಪಾತ್ರೆ ತುಂಬಿದ ದಿನ ಹಿಂಭಾಗ ಕೂತು ಕ್ಯಾಂಬರ್ ಈ ಕಾಗದದ ಹಾಗೇ ಕೆಂಪಾಗುತ್ತೆ. ತುಂಬಿದ ಕಾರಿಗೆ ತಕ್ಕ ಗಟ್ಟಿ ಸ್ಪ್ರಿಂಗ್ ಹಾಕಿದರೆ, ವರ್ಷದ ಮಿಕ್ಕ ದಿನವೆಲ್ಲ ಎತ್ತಿನ ಗಾಡಿ. ಎತ್ತರವನ್ನ ಒಂದೇ ಕಡೆ ಹಿಡಿದು, ಅಲೈನ್‌ಮೆಂಟನ್ನೂ ಅದರ ಜೊತೆ ಕಾಯೋದು ಈ ಎಣ್ಣೆ ಒಂದೇ. ಅದನ್ನ ಕಿತ್ತ ಮೇಲೆ ಟೈರು ಒಳಗೆ ಸವೆಯುತ್ತೆ ಅಂತ ದೂರಬಾರದು.

ಮಗಳು: ಬೇರೆ ಕಂಪನಿಗಳು ಎಣ್ಣೆ, ಪಂಪು ಇಲ್ಲದೆ ಎಸ್ಟೇಟ್ ಮಾಡಿಲ್ವಾ? ವೋಲ್ವೊ 240 ಎಸ್ಟೇಟಿನ ಹಿಂದೆ ಇರೋದು ಗಟ್ಟಿ ಆಕ್ಸಲ್ ಒಂದೇ.

ಚಿಕ್ಕಪ್ಪ: ಅದು ಬೇರೆ ಉತ್ತರ, ಒಳ್ಳೆಯ ಉತ್ತರವೇ. ನಮ್ಮ ಅಂಬಾಸಿಡರ್ ಹಾಗೇ ಅಲ್ವಾ? ಹಿಂದೆ ಗಟ್ಟಿ ಆಕ್ಸಲ್, ಕಮಾನು ಪಟ್ಟಿ. ಒಳಗೆ ಹತ್ತು ಜನ ತುಂಬಿದರೂ, ಡಿಕ್ಕಿಯಲ್ಲಿ ಮೂಟೆ ಹೇರಿದರೂ ಹಿಂದಿನ ಚಕ್ರ ನೆಲಕ್ಕೆ ನೇರವೇ ನಿಂತಿರುತ್ತೆ, ಯಾಕೆಂದರೆ ಎರಡೂ ಒಂದೇ ದಂಡಕ್ಕೆ ಕಟ್ಟಿದ್ದು. ಕಮಾನು ಕಟ್ಟಾಗಬಹುದು, ಆಕ್ಸಲ್ ಒಂದು ಕಡೆ ಸರಿದು ಗಾಡಿ ಓರೆ ಹೋಗಬಹುದು, ಕ್ಯಾಂಬರ್ ಮಾತ್ರ ಕೆಡಲ್ಲ. ನನ್ನ ಅಂಗಡಿಯಲ್ಲಿ ಅಂಬಾಸಿಡರಿನ ಹಿಂಭಾಗಕ್ಕೆ ಅಳತೆಯೇ ತಗೋತಿರಲಿಲ್ಲ, ಯು-ಬೋಲ್ಟು ಬಿಗಿ ಇದೆಯಾ ಅಂತ ನೋಡಿ ಮುಂದಕ್ಕೆ ಹೋಗ್ತಿದ್ದೆವು.

ಮಗಳು: ಪೆಜೊ 504 ಅಂತೂ ಇದನ್ನ ಒಂದೇ ಕಾರಿನಲ್ಲಿ ಮಾಡಿ ತೋರಿಸಿದೆ. ಸೆಡಾನಿಗೆ ಹಿಂದೆ ಸ್ವತಂತ್ರ ಸಸ್ಪೆನ್ಷನ್, ಎಸ್ಟೇಟಿಗೆ ಗಟ್ಟಿ ಆಕ್ಸಲ್, ಒಂದೊಂದು ಕಡೆಗೆ ಎರಡರಂತೆ ನಾಲ್ಕು ಕಾಯಿಲ್ ಸ್ಪ್ರಿಂಗು. ಆಫ್ರಿಕಾದಲ್ಲಿ ಅಷ್ಟು ವರ್ಷ ಬಾಡಿಗೆ ಹೊಡೆದದ್ದು ಆ ಎಸ್ಟೇಟೇ.

ಚಿಕ್ಕಪ್ಪ: ನೋಡಿದೆಯಾ, ಹೆಸರು ಒಂದೇ, ಮುಂದಿನಿಂದ ನೋಡಿದರೆ ಒಂದೇ, ಹಿಂದೆ ಬೇರೆಯೇ ಕಾರು. ಅದಕ್ಕೇ ಎಸ್ಟೇಟ್ ರ‍್ಯಾಂಪಿಗೆ ಬಂದಾಗ ಯಂತ್ರದಲ್ಲಿ ಸೆಡಾನಿನ ಅಂಕಿ ಆರಿಸಿ ಕೆಲಸ ಶುರು ಮಾಡೋದು ಅಪಾಯ. ಈ ಕಾಗದದ ಮೇಲೆ ಯಾವ ಮಾದರಿ ಅಂತ ಬರೆದಿದೆ? ‘124’ ಅಷ್ಟೇ.

ಮಗಳು: 124ರಲ್ಲೇ ಎಷ್ಟೊಂದು ಬಗೆ! ಮಾಮೂಲಿದು ಒಂದು, ಕುಳ್ಳಗೆ ಗಟ್ಟಿ ಇರೋ ಸ್ಪೋರ್ಟ್‌ಲೈನ್ ಒಂದು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ 4ಮ್ಯಾಟಿಕ್ ಒಂದು, ಎಸ್ಟೇಟಿನದ್ದು ಒಂದು. ವೋಲ್ವೊ 740, 760 ಎಸ್ಟೇಟುಗಳಲ್ಲಿ ಕೆಲವಕ್ಕೆ ನಿವೋಮ್ಯಾಟ್ ಅಂತ ಹಾಕ್ತಿದ್ರು. ಅದೂ ಸೆಲ್ಫ್ ಲೆವೆಲಿಂಗೇ, ಆದರೆ ಪಂಪು ಶಾಕ್ ಅಬ್ಸಾರ್ಬರಿನ ಹೊಟ್ಟೆಯೊಳಗೇ ಇದೆ. ರಸ್ತೆಯ ಕುಲುಕಾಟಕ್ಕೆ ತಾನೇ ಪಂಪ್ ಮಾಡಿಕೊಂಡು ಏಳುತ್ತೆ. ಹೊರಗಿಂದ ನೋಡಿದರೆ ಮಾಮೂಲಿ ಶಾಕ್ ಅಬ್ಸಾರ್ಬರ್ ಅನ್ನಿಸುತ್ತೆ, ಸ್ವಲ್ಪ ದಪ್ಪ ಅಷ್ಟೇ.

ಚಿಕ್ಕಪ್ಪ: ಹಾಗಾದರೆ ಅದರ ಜೊತೆಗಿರೋ ಸ್ಪ್ರಿಂಗೂ ಮೆತ್ತಗಿರಬೇಕು, ಇದರ ಹಾಗೆ.

ಮಗಳು: ಮೆತ್ತಗೇ ಇದೆ. ಗೊತ್ತಿಲ್ಲದೆ ಬರೀ ಶಾಕ್ ಅಬ್ಸಾರ್ಬರ್ ಬದಲಿಸಿ ಮಾಮೂಲಿದು ಹಾಕಿದರೆ ಕಾರು ಕೂತುಬಿಡುತ್ತೆ. ಸ್ಪ್ರಿಂಗೂ ಬದಲಿಸಲೇಬೇಕು.

ಚಿಕ್ಕಪ್ಪ: ಎಲ್ಲ ಕಡೆಯೂ ಅದೇ ಪಾಠ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಎತ್ತರ ಮೂರೂ ಒಂದು ಕುಟುಂಬ. ಒಬ್ಬರನ್ನ ಹೊರಗೆ ಹಾಕಿ ಬೇರೆಯವರನ್ನ ತರೋ ಹಾಗಿಲ್ಲ. ಇನ್ನು ನಿನ್ನ ಸರ್ಕಾರದವರು ಏನಂತಾರೆ? ಇಷ್ಟು ದೊಡ್ಡ ಬದಲಾವಣೆಗೆ ಇಲ್ಲಿ ಕಾಗದ ಬೇಡವಾ?

ಮಗಳು: ಬೇಕು. ಸಸ್ಪೆನ್ಷನ್ ಬದಲಿಸಿದರೆ ಅದಕ್ಕೆ ಒಪ್ಪಿಗೆ ಪತ್ರ ಇರಬೇಕು, ಇಲ್ಲ ತಪಾಸಣೆ ಮಾಡಿಸಿ ದಾಖಲಿಸಬೇಕು. ಎರಡು ವರ್ಷಕ್ಕೊಮ್ಮೆ ನಡೆಯೋ ಟ್ಯೂಫ್ ತಪಾಸಣೆಯಲ್ಲಿ ಕೇಳ್ತಾರೆ. ಅದಕ್ಕಿಂತ ಹೆಚ್ಚಾಗಿ, ಕಾರಿಗೆ ಮೂವತ್ತು ವರ್ಷ ದಾಟಿದೆ, ಹಳೇ ಕಾರುಗಳಿಗೆ ಕೊಡೋ ‘ಎಚ್’ ನಂಬರ್ ಪ್ಲೇಟಿಗೆ ಅರ್ಜಿ ಹಾಕಬೇಕು ಅಂತಿದ್ದೀನಿ. ಅದಕ್ಕೆ ಕಾರು ಮೂಲ ಸ್ಥಿತಿಯ ಹತ್ತಿರ ಇರಬೇಕು.

ಚಿಕ್ಕಪ್ಪ: ಮತ್ತೇಕೆ ಕೀಳೋ ಮಾತು? ಗುಂಡು ಎರಡು ಹೊಸದು ಹಾಕು. ಎಣ್ಣೆ ಈ ಕಾರಿಗೆ ಹೇಳಿರೋದೇ ಹಾಕು, ಸ್ಟಿಯರಿಂಗ್ ಎಣ್ಣೆ ಸುರಿಯಬೇಡ. ಲಿಫ್ಟ್ ಮತ್ತೆ ಎತ್ತು, ಸೋರ್ತಿರೋದು ಸ್ಟ್ರಟ್ಟಾ, ವಾಲ್ವಾ ಅಂತ ನೋಡೋಣ. ಈ ಕಡೆ ಸ್ಟ್ರಟ್ಟಿನ ರಬ್ಬರ್ ಚೀಲದೊಳಗೆ ಒದ್ದೆ ಇದೆ, ಬೆರಳು ಹಾಕು. ಬಂತಾ ಎಣ್ಣೆ?

ಮಗಳು: ಬಂತು. ಆ ಕಡೆ ಒಣಗಿದೆ.

ಚಿಕ್ಕಪ್ಪ: ಹಾಗಾದರೆ ನಾಳೆಯ ಕೆಲಸ ಗೊತ್ತಾಯ್ತು. ಇನ್ನು ಮುಂದಿನದ್ದು. ಮುಂದೆ ಸ್ಪ್ರಿಂಗಿನ ತಲೆಯ ಮೇಲೆ ರಬ್ಬರ್ ಬಿಲ್ಲೆ ಇದೆ, ಅದರ ಅಂಚಲ್ಲಿ ಗುಬಟು ಎಷ್ಟಿದೆ ಎಣಿಸು. ನಮ್ಮ ಪ್ಲಾಂಟರುಗಳ ಸೆಡಾನಿಗೂ ಇದೇ ಇತ್ತು.

ಮಗಳು: ಎಡಗಡೆ ಎರಡು. ಬಲಗಡೆಯೂ ಎರಡು. ಅಂದರೆ 13 ಮಿಲಿಮೀಟರ್ ದಪ್ಪ. ಒಂದು ಗುಬಟಿಗೆ 8, ಮೂರಕ್ಕೆ 18, ನಾಲ್ಕಕ್ಕೆ 23. ಕಾರಿಗೆ ಏನೇನು ಜೋಡಿಸಿ ಕಳಿಸಿದ್ದಾರೆ ನೋಡಿ, ಒಂದೊಂದಕ್ಕೂ ಅಂಕ ಕೊಟ್ಟು, ಕೂಡಿ, ಯಾವ ಸ್ಪ್ರಿಂಗು, ಯಾವ ಬಿಲ್ಲೆ ಅಂತ ಕಾರ್ಖಾನೆಯಲ್ಲೇ ತೀರ್ಮಾನ ಮಾಡ್ತಿದ್ರಂತೆ.

ಚಿಕ್ಕಪ್ಪ: ಎಷ್ಟು ಅಚ್ಚುಕಟ್ಟು! ಎತ್ತರಕ್ಕೆ ಅಷ್ಟು ಮರ್ಯಾದೆ ಕೊಟ್ಟವರು ಅಂತ ಇದರಲ್ಲೇ ಗೊತ್ತಾಗುತ್ತೆ. ಅವರ ಕ್ರಮದಲ್ಲಿ ಅಲೈನ್‌ಮೆಂಟಿಗೆ ಮುಂಚೆ ಕೆಳಗಿನ ಕಂಟ್ರೋಲ್ ಆರ್ಮ್ ಎಷ್ಟು ಓರೆ ನಿಂತಿದೆ ಅಂತ ಒಂದು ಓರೆ ಅಳೆಯೋ ಉಪಕರಣ ಇಟ್ಟು ನೋಡ್ತಾರೆ. ಆ ಓರೆಗೆ ಇಷ್ಟು ಕ್ಯಾಂಬರ್ ಅಂತ ಪಟ್ಟಿ. ಬರೀ ಕ್ಯಾಂಬರಿಗೆ ಒಂದೇ ಅಂಕಿ ಇಟ್ಟುಕೊಂಡು ಹಸಿರು, ಕೆಂಪು ಅನ್ನೋದಲ್ಲ.

ಮಗಳು: ಆ ಆರ್ಮಿನ ಬುಷ್‌ಗಳು ನನ್ನ ಡಬ್ಬಿಯಲ್ಲಿವೆ, ಹೊಸವು. ಇವತ್ತೇ ಹಾಕಿಬಿಡೋಣ ಅಂತ ತಂದಿದ್ದೆ.

ಚಿಕ್ಕಪ್ಪ: ಹಾಕೋಣ, ಆದರೆ ಬೋಲ್ಟನ್ನ ಇಲ್ಲಿ, ಚಕ್ರ ಜೋತಾಡ್ತಿರುವಾಗ ಪೂರ್ತಿ ಬಿಗಿಯಬೇಡ. ಹಾಗೆ ಬಿಗಿದರೆ ಕಾರು ನೆಲಕ್ಕಿಳಿದಾಗ ರಬ್ಬರು ತಿರುಚಿಕೊಂಡೇ ಇರುತ್ತೆ. ಬೇಗ ಹರಿಯುತ್ತೆ, ಅಷ್ಟೇ ಅಲ್ಲ, ತಿರುಚಿದ ರಬ್ಬರು ಒಂದು ಸ್ಪ್ರಿಂಗಿನ ಹಾಗೆ ಕೆಲಸ ಮಾಡಿ ಎತ್ತರವನ್ನೂ ಸುಳ್ಳು ಹೇಳಿಸುತ್ತೆ. ಭಾರವೆಲ್ಲ ಚಕ್ರದ ಮೇಲೆ ಬಂದು, ಮುಂದೆ ಹಿಂದೆ ಸ್ವಲ್ಪ ತಳ್ಳಿ, ಕುಲುಕಿ, ಆಮೇಲೆ ಬಿಗಿಯಬೇಕು. ಒಳಗಿನ ಈ ಎರಡು ಬೋಲ್ಟು ನಡು ತಪ್ಪಿಸಿ ಮಾಡಿರೋ ಎಕ್ಸೆಂಟ್ರಿಕ್ ಬೋಲ್ಟು, ಕ್ಯಾಂಬರ್, ಕ್ಯಾಸ್ಟರ್ ಎರಡೂ ಹೊಂದಿಸೋದು ಇವುಗಳಲ್ಲೇ. ಅವನ್ನ ಅಲೈನ್‌ಮೆಂಟ್‌ನವರಿಗೇ ಬಿಡು.

ಮಗಳು: ಅಲ್ಲಿ ಏನೇನು, ಯಾವ ಕ್ರಮದಲ್ಲಿ ಮಾಡಿಸಲಿ?

ಚಿಕ್ಕಪ್ಪ: ಟ್ಯಾಂಕು ತುಂಬಿಸಿ, ಡಿಕ್ಕಿ ಖಾಲಿ ಮಾಡಿ ತಗೊಂಡು ಹೋಗು. ಟೈರಿನ ಗಾಳಿ ಸರಿ ಇರಲಿ. ಯಂತ್ರದ ಮೇಲೆ ನಿಂತ ಮೇಲೆ ಇಂಜಿನ್ ಚಾಲೂ ಮಾಡಿ ಹಿಂಭಾಗ ತನ್ನ ಎತ್ತರಕ್ಕೆ ಬರೋ ತನಕ ಕಾಯಲಿ. ಎತ್ತರ ಹೆಚ್ಚು ಕಡಿಮೆ ಇದ್ದರೆ ವಾಲ್ವಿನ ಕಡ್ಡಿಯಲ್ಲಿ ಹೊಂದಿಸಲಿ. ಆಮೇಲೆ ಹಿಂದಿನ ಟೋ. ಕಾರು ಹೋಗೋ ದಿಕ್ಕನ್ನ ತೀರ್ಮಾನಿಸೋದು ಹಿಂದಿನ ಚಕ್ರ, ಆದ್ದರಿಂದ ಅದು ಮುಗಿಯದೆ ಮುಂದಕ್ಕೆ ಕೈ ಹಾಕೋ ಹಾಗಿಲ್ಲ. ಹಿಂದೆ ಮುಗಿದ ಮೇಲೆ ಮುಂದಿನ ಕ್ಯಾಸ್ಟರ್, ಕ್ಯಾಂಬರ್. ಕಟ್ಟಕಡೆಗೆ ಮುಂದಿನ ಟೋ, ಸ್ಟಿಯರಿಂಗ್ ನೇರ. ಆ ಟೋ ಹೊಂದಿಸುವಾಗ ಎರಡು ಮುಂದಿನ ಟೈರಿನ ನಡುವೆ ಒಂದು ಸ್ಪ್ರೆಡರ್ ಬಾರ್ ಇಡಬೇಕು.

ಮಗಳು: ಓದಿದ್ದೀನಿ. 90ರಿಂದ 110 ನ್ಯೂಟನ್ ಬಲ. ಓಡುವಾಗ ಚಕ್ರ ಹೊರಕ್ಕೆ ಹೋಗೋ ಹಾಗೆ, ಬುಷ್, ಜಾಯಿಂಟ್‌ಗಳ ಸಡಿಲವೆಲ್ಲ ಒಂದು ಕಡೆ ಸೇರಲಿ ಅಂತ.

ಚಿಕ್ಕಪ್ಪ: ನಮ್ಮ ಕಡೆ ಆ ಬಾರ್ ಕಾಣೋದೇ ಅಪರೂಪವಾಗಿತ್ತು. ನಾನು ಎರಡು ಪೈಪು, ಒಂದು ಸ್ಪ್ರಿಂಗ್ ಸೇರಿಸಿ ಒಂದು ಮಾಡಿಸಿಕೊಂಡಿದ್ದೆ. ಅದಿಲ್ಲದೆ ಹೊಂದಿಸಿದ ಮರ್ಸಿಡಿಸ್ ಒಂದು ಕಡೆ ಎಳೀದೇ ಇದ್ದರೂ ಕೈಗೆ ಗಟ್ಟಿ ಅನ್ನಿಸೋದೇ ಇಲ್ಲ.

ಮಗಳು: ಹಾಗಾದರೆ ಹಳೇ ಅಂಗಡಿಗೇ ಹೋಗಲಾ, ಬೇರೆ ಹುಡುಕಲಾ?

ಚಿಕ್ಕಪ್ಪ: ಫೋನ್ ಮಾಡಿ ಎರಡು ಪ್ರಶ್ನೆ ಕೇಳು. ನಿಮ್ಮಲ್ಲಿ ಸ್ಪ್ರೆಡರ್ ಬಾರ್ ಇದೆಯಾ, ಕಂಟ್ರೋಲ್ ಆರ್ಮ್ ಓರೆ ಅಳೆಯೋ ಉಪಕರಣ ಇದೆಯಾ ಅಂತ. ಎರಡಕ್ಕೂ ಹೌದು ಅಂದವರ ಹತ್ತಿರ ಹೋಗು, ಸ್ವಲ್ಪ ದೂರವಾದರೂ ಸರಿ. ಈಗ ಆ ಬುಷ್ ಡಬ್ಬಿ ತಾ, ಗಂಟೆ ಲೆಕ್ಕದ ಬಾಡಿಗೆ ಓಡ್ತಾ ಇದೆ.